ಹನ್ನೆರಡನೆಯ ನಿಮಿಷ

ಬಾಯ್ಲರಿನ ಒಳಹೊರಗು ಪೂರ್ತಿ ತಿಳಿಯದೆ ಈ ಕಥೆ ಹೇಳುವುದು ಅಧಿಕಪ್ರಸಂಗವೇ, ತಿಳಿದವರು ಕ್ಷಮಿಸಬೇಕು. ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ಹೊಸ ಬಾಯ್ಲರಿಗೆ ನೀರು ತುಂಬಿ, ಒತ್ತಡ ಕೊಟ್ಟು, ಒತ್ತಡಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಅರ್ಧ ಗಂಟೆ ನೋಡಬೇಕಿತ್ತು; ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಹನ್ನೆರಡನೆಯ ನಿಮಿಷಕ್ಕೆ ಮೇಸ್ತ್ರಿ ಬಂದವನೇ ವಾಲ್ವ್ ತಿರುಗಿಸಿ ನೀರು ಬಿಟ್ಟುಬಿಟ್ಟ. ತಪಾಸಣೆಗೆ ಕೂತಿದ್ದ ಹುಡುಗಿಯ ಕಣ್ಣೆದುರೇ ಮುಳ್ಳು ಸೊನ್ನೆಗೆ ಬಂತು. ಮೇಸ್ತ್ರಿ ಅವಳ ಸೋದರಮಾವ. ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

“ಇಷ್ಟೊತ್ತು ಮುಳ್ಳು ಕದಲಿಲ್ಲ ತಾನೇ? ‘ಪೂರ್ಣ’ ಅಂತ ಬರಿ. ಲಾರಿ ಕಾಯ್ತಿದೆ.”

ಅವಳು ತಪಾಸಣೆಯ ಪುಸ್ತಕದಲ್ಲಿ ದುಂಡಗೆ ‘ಮೊಟಕುಗೊಳಿಸಲಾಗಿದೆ’ ಎಂದು ಬರೆದಳು.

ಮಾವ ಇಣುಕಿ ನೋಡಿ ನಕ್ಕ. “ಬಂದ್ಲಪ್ಪಾ ಸಂಜೆ ಕಾಲೇಜಿನ ಪಂಡಿತೆ. ‘ಪೂರ್ಣ’ ಅನ್ನೋಕೆ ಕೈ ಬರದಿದ್ರೆ ‘ರದ್ದು’ ಅಂತ ಗೀಚು. ಯಾಕೆ ಅಂತ ಯಾರೂ ಕೇಳಲ್ಲ.”

“ರದ್ದು ಅಂದ್ರೆ ನಡೆದೇ ಇಲ್ಲ ಅಂತ, ಮಾವ. ಇದು ನಡೀತಾ ಇತ್ತು, ಮುಗಿಯೋಕೆ ಮುಂಚೆ ನೀವು ನಿಲ್ಲಿಸಿದ್ರಿ. ಅದಕ್ಕಿರೋದು ಇದೇ ಪದ.”

“ನಾಳೆಯಿಂದ ಕೆಲಸ ಬೇಡ್ವಾ ನಿಂಗೆ?”

“ಬೇಕು. ಅದಕ್ಕೇ ಸರಿಯಾಗಿ ಮಾಡ್ತಿದ್ದೀನಿ.” ಅವಳು ಪುಸ್ತಕವನ್ನು ಅವನತ್ತ ತಿರುಗಿಸಿ ಪೆನ್ನು ಚಾಚಿದಳು. “ಮಧ್ಯದಲ್ಲಿ ನಿಲ್ಲಿಸಿದವರೇ ಸಹಿ ಹಾಕಬೇಕು ಅಂತ ಕಲಿಸಿದ್ದು ನೀವೇ.”

ಅವನು ಪೆನ್ನು ಮುಟ್ಟಲಿಲ್ಲ. ಹೊರಗೆ ಲಾರಿಯವನು ಎರಡು ಸಲ ಹಾರ್ನ್ ಹೊಡೆದ. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

‘ಪೂರ್ಣ’ ಎಂದು ಬರೆಯದೆ ಬಾಯ್ಲರ್ ಹೊರಡುವಂತಿರಲಿಲ್ಲ; ಲಾರಿ ಖಾಲಿಯೇ ಹೋಯಿತು. ಉಳಿದ ಹದಿನೆಂಟು ನಿಮಿಷ ಆ ಮುಳ್ಳು ನಿಂತಿರುತ್ತಿತ್ತೋ ಇಳಿಯುತ್ತಿತ್ತೋ, ಅದು ಮಾವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.