ಸೇನೆಯ ಎರಡು ಗಡಿಯಾರ

ಸೇನಾ ನ್ಯಾಯಮಂಡಳಿಯ ಬಾಗಿಲಲ್ಲೇ ಕರ್ನಲ್ ಡೆನ್ಬಿ ಅವಳನ್ನು ತಡೆದು ನಿಲ್ಲಿಸಿದ. ಕೈಯಲ್ಲಿ ತಪ್ಪೊಪ್ಪಿಗೆಯ ಕಾಗದ, ಮುಖದಲ್ಲಿ ದೊಡ್ಡಣ್ಣನ ಕಾಳಜಿ. "ನಿನ್ನ ಆಸಾಮಿ ಹತ್ರ ಸಹಿ ಹಾಕಿಸು, ಮಾರ್ಲಿಸ್. ಇಪ್ಪತ್ತು ವರ್ಷಕ್ಕೆ ಮುಗಿಯುತ್ತೆ. ಇಲ್ಲಾಂದ್ರೆ ಸಾಯೋವರೆಗೂ ಅವನಿಗೆ ಈ ದ್ವೀಪದ ಜೈಲೇ ಗತಿ. ಬಡ್ತಿ ಪಟ್ಟಿ ಬರೋ ತಿಂಗಳು ಹೊರಡುತ್ತೆ, ಮರೀಬೇಡ."

ಮರೆಯುವುದೆಲ್ಲಿ ಬಂತು! ನೌಕಾಪಡೆಯ ವಕೀಲೆ ಮಾರ್ಲಿಸ್ ಹೌಗೆನ್‌ಗೆ ಹದಿನೈದು ವರ್ಷದ ನೌಕರಿ. ಬಡ್ತಿ ಒಮ್ಮೆ ತಪ್ಪಿಹೋಗಿತ್ತು. ಎರಡನೇ ಸಲವೂ ತಪ್ಪಿದರೆ ಸಮವಸ್ತ್ರ ಕಳಚಿಟ್ಟು ಮನೆಗೆ ನಡೆಯಬೇಕು. ಅಮೆರಿಕದ ಸೇನೆಯ ಕಟ್ಟಳೆಯೇ ಹಾಗೆ. ಡೆನ್ಬಿ ಸರಕಾರದ ಪರ ವಕೀಲರಿಗೆಲ್ಲ ಮುಖ್ಯಸ್ಥ. ಅವನೊಂದು ಮಾತು ಹಾಕಿದರೆ ಪಟ್ಟಿಯಲ್ಲಿ ಅವಳ ಹೆಸರಿರುತ್ತದೆ, ಹಾಕದಿದ್ದರೆ ಇಲ್ಲ. ಮಾರ್ಲಿಸ್‌ಗೂ ಬಡ್ತಿ ಬೇಕಿತ್ತು, ಸುಳ್ಳೇಕೆ. ಆದರೂ ಕಾಗದಕ್ಕೆ ಕೈ ಚಾಚಲಿಲ್ಲ.

"ಮಾಡದ ತಪ್ಪಿಗೆ ಅವನು ಸಹಿ ಹಾಕಲ್ಲ ಸರ್. ನಾನೂ ಹಾಕಿಸಲ್ಲ" ಎಂದು ಒಳಗೆ ಹೋದಳು.

ಒಳಗೆ ನಡೆಯುತ್ತಿದ್ದುದು ನ್ಯಾಯವೋ ನಾಟಕವೋ ಎಂದು ದೇಶದ ಪತ್ರಿಕೆಗಳೆಲ್ಲ ಎರಡು ವರ್ಷದಿಂದ ಕಚ್ಚಾಡುತ್ತಿದ್ದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಗ ಅದು. ಆರೋಪಿ ನಿಯಾಜ್ ವಲಿ ಅಫ್ಘಾನಿಸ್ತಾನದ ಒಂದು ಪೇಟೆಯಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದವನು. ಸೇನೆಯ ರೇಡಿಯೋ ದಾಖಲೆಯ ಪ್ರಕಾರ ಸೇತುವೆಯಲ್ಲಿ ಬಾಂಬು ಸಿಡಿದದ್ದು ಬೆಳಗಿನ ಆರೂಕಾಲಿಗೆ. ಕಾವಲು ಠಾಣೆಯ ದಾಖಲೆಯ ಪ್ರಕಾರ ದಿನದ ತಪಾಸಣೆಯಲ್ಲಿ ಅವನು ಸಿಕ್ಕಿದ್ದು ಏಳೂವರೆಗೆ, ಎರಡೂ ಕೈ ಕರ್ರಗೆ. ಮದ್ದಿನ ಪುಡಿ ಎಂದಿತು ಸರಕಾರ. ಒಲೆಯ ಮಸಿ ಎಂದ ಅವನು. ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದ: ಆ ಸದ್ದು ನಾನೂ ಕೇಳಿದೆ, ನಿಮ್ಮ ಬೋನಿನೊಳಗೆ ಕೂತು. ಕೇಳಿದವರೆಲ್ಲ ನಕ್ಕಿದ್ದರು. ಮಾರ್ಲಿಸ್ ಮಾತ್ರ ನಗಲಿಲ್ಲ. ಸುಳ್ಳು ಪ್ರತಿ ಸಲವೂ ಹೊಸ ಬಣ್ಣ ಬಳಿದುಕೊಂಡು ಬರುತ್ತದೆ. ಈ ಮಾತು ಎರಡು ವರ್ಷದಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಸಾಕ್ಷಿಯಾಗಿ ಬಂದವನು ಅಂದು ಠಾಣೆಯ ದಾಖಲೆ ಬರೆದಿದ್ದ ಸಾರ್ಜೆಂಟ್ ಟಿಬ್ಬೆಟ್ಸ್. ತನ್ನೂರಿನಲ್ಲಿ ಶಾಲಾ ಬಸ್ಸು ಓಡಿಸುವವನು, ಮೀಸಲು ಪಡೆಯವನು, ಕಪಟವಿಲ್ಲದ ಮನುಷ್ಯ.

"ಏಳೂವರೆ ಅಂತ ಬರೆದಿದ್ದೀರಿ. ಏನು ನೋಡಿ ಬರೆದ್ರಿ?" ಕೇಳಿದಳು ಮಾರ್ಲಿಸ್.

"ನನ್ನ ಕೈಗಡಿಯಾರ, ಮೇಡಂ."

"ಅದು ಯಾವೂರಿನ ಸಮಯ ತೋರಿಸ್ತಿತ್ತು?"

"ಆ ಊರಿಂದೇ. ಮತ್ತೆ ಇನ್ಯಾವುದು?"

ಮಾರ್ಲಿಸ್ ರೇಡಿಯೋ ದಾಖಲೆಯ ಹಾಳೆಯನ್ನು ನ್ಯಾಯಾಧೀಶರ ಮುಂದಿಟ್ಟಳು. ಸೇನೆಯ ರೇಡಿಯೋದವರು ಲೋಕದ ಯಾವ ಮೂಲೆಯಲ್ಲಿದ್ದರೂ ಗ್ರೀನ್‌ವಿಚ್‌ನ ಸಮಯವನ್ನೇ ಬರೆಯುತ್ತಾರೆ. ಸಮವಸ್ತ್ರ ತೊಟ್ಟವರಿಗೆಲ್ಲ ಅದು ಗೊತ್ತು. ಎಷ್ಟು ಚೆನ್ನಾಗಿ ಗೊತ್ತೆಂದರೆ, ಕೈಗಡಿಯಾರ ನೋಡಿ ಊರಿನ ಸಮಯ ಬರೆಯುವವನೂ ಒಬ್ಬನಿದ್ದಾನು ಎಂದು ಯಾರಿಗೂ ಹೊಳೆದಂತಿರಲಿಲ್ಲ. ಅಫ್ಘಾನಿಸ್ತಾನ ಗ್ರೀನ್‌ವಿಚ್‌ಗಿಂತ ನಾಲ್ಕೂವರೆ ಗಂಟೆ ಮುಂದೆ. ನ್ಯಾಯಾಧೀಶರು ಪೆನ್ಸಿಲ್ ಹಿಡಿದು ಕೂಡಿದರು, ಮತ್ತೊಮ್ಮೆ ಕೂಡಿದರು. ಬಾಂಬು ಸಿಡಿದಾಗ ಆ ಊರಿನಲ್ಲಿ ಹತ್ತೂಮುಕ್ಕಾಲು. ಅಷ್ಟು ಹೊತ್ತಿಗೆ ನಿಯಾಜ್ ವಲಿ ಮೂರೂಕಾಲು ಗಂಟೆಯಿಂದ ಅಮೆರಿಕದ ಬೋನಿನಲ್ಲಿದ್ದ.

 ನ್ಯಾಯಾಧೀಶರು ಪೆನ್ಸಿಲ್ ಕೆಳಗಿಟ್ಟು ಡೆನ್ಬಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಡೆನ್ಬಿ ತಪ್ಪೊಪ್ಪಿಗೆಯ ಕಾಗದವನ್ನು ಮಡಚಿ ಕಡತದೊಳಗಿಟ್ಟ. ಮಧ್ಯಾಹ್ನದ ಊಟಕ್ಕೆ ಮೊದಲೇ ಆರೋಪ ವಜಾ ಆಯಿತು. ನಿಯಾಜ್ ವಲಿ ದುಭಾಷಿಯ ಕಡೆ ತಿರುಗಿ, ಇದನ್ನೇ ತಾನೆ ನಾನು ಮೊದಲನೇ ದಿನ ಹೇಳಿದ್ದು ಎಂದು ರೇಗಿದ. ಮಾರ್ಲಿಸ್ ಕೋರ್ಟೆಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟಳು. ಹದಿನೈದು ವರ್ಷದಲ್ಲಿ ಅಷ್ಟು ಹಗುರವಾಗಿ ಅವಳು ನಕ್ಕಿದ್ದಿಲ್ಲ.

ಮುಂದಿನ ತಿಂಗಳು ಬಡ್ತಿ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ನೋವಾಯಿತು, ನಿಜ, ಆದರೆ ರೊಟ್ಟಿಯವನು ಊರು ಸೇರಿದ ಸುದ್ದಿಯೂ ಅದೇ ವಾರ ಬಂದಿತ್ತು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಬಾಗಿಲಲ್ಲಿ ಡೆನ್ಬಿ ಕಾಣಿಸಿಕೊಂಡ. ಎರಡು ದಾಖಲೆಗಳ ಸಮಯ ಹೊಂದುತ್ತಿಲ್ಲ ಎಂದು ರೇಡಿಯೋ ಗುಮಾಸ್ತನೊಬ್ಬ ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದ ಚೀಟಿ ಅವನ ಕಡತದಲ್ಲೇ ಸಿಕ್ಕಿತ್ತು. ಈಗ ವಿಚಾರಣೆ ಅವನ ಮೇಲೆ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ನನಗೂ ಸೇನೆ ಒಬ್ಬ ವಕೀಲರನ್ನ ಕೊಡುತ್ತೆ. ಯಾರು ಬೇಕು ಅಂತ ಅರ್ಜೀಲಿ ಕೇಳಿದ್ರು. ನಿಮ್ಮ ಹೆಸರು ಬರೆದೆ."

"ನಾನು ಬರೋ ಹಾಗಿಲ್ಲ, ಕರ್ನಲ್. ನಿಮ್ಮ ವಿರುದ್ಧ ಮೊದಲನೇ ಸಾಕ್ಷಿಯೇ ನಾನು."

"ಗೊತ್ತು" ಎಂದ ಡೆನ್ಬಿ. "ಆದ್ರೂ ಬೇರೆಯವರ ಹೆಸರು ಬರೆಯೋಕೆ ಧೈರ್ಯ ಬರಲಿಲ್ಲ."