ಚಟಪಟ ಹೋದ ಮೇಲೆ

ಯಂತ್ರಗಳು ಮನುಷ್ಯರಷ್ಟೇ ಚೆನ್ನಾಗಿ ಹಾಡತೊಡಗಿದ ಮೇಲೆ ಊರಿನ ರೇಡಿಯೋದವರು ಒಂದು ನಿಯಮ ಮಾಡಿದ್ದರು. ದನಿಯ ಜೊತೆ ಕೊಂಚವಾದರೂ ಚಟಪಟ ಸದ್ದು ಇರಬೇಕು. ತೀರಾ ಶುದ್ಧವಾಗಿ ಕೇಳಿಸಿದರೆ ಅದು ಯಂತ್ರ.

ನೀಲಗಂಗಾಬಾಯಿಗೆ ಆ ಚಿಂತೆ ಇರಲಿಲ್ಲ. ಪ್ರತಿ ಸೋಮವಾರ ಅವರು ಮನೆಯಿಂದಲೇ ಹಾಡುತ್ತಿದ್ದರು. ಗಂಡ ಗುರುಪಾದಪ್ಪನವರ ಲಿನಕ್ಸ್ ಕಂಪ್ಯೂಟರಿನ ಲೈನ್-ಇನ್ ಎಂಬ ಕಿಂಡಿ ಹೊಕ್ಕ ದನಿ, ಹಸಿ ಕಟ್ಟಿಗೆ ಉರಿದಂತೆ ಚಟಗುಟ್ಟುತ್ತ ಹೊರಬೀಳುತ್ತಿತ್ತು.

ಗುರುಪಾದಪ್ಪನವರಿಗೆ ಮಾತ್ರ ಅದು ಮರ್ಯಾದೆಯ ಪ್ರಶ್ನೆ. ಒಂದು ಭಾನುವಾರ ಕೇಬಲ್ಲು, ಡ್ರೈವರು, ವಾಲ್ಯೂಮು, ಕೈಗೆ ಸಿಕ್ಕ ಸೆಟ್ಟಿಂಗುಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿದರು. ಚಟಪಟ ಮಾಯ!

ಮರುದಿನ ಮೊದಲ ಸಾಲಿಗೇ ರೇಡಿಯೋದವರು ತಡೆದರು. "ಯಂತ್ರದ ಹಾಡು ನಾವು ತಗೊಳ್ಳೂದಿಲ್ರೀ."

"ಇಪ್ಪತ್ತು ವರ್ಷ ಹಾಡೀನ್ರೀ ನಾ!" ಎಂದ ನೀಲಗಂಗಾಬಾಯಿ ಗಂಡನ ಕಡೆ ತಿರುಗಿದರು. "ನಿಮ್ಮ ರಿಪೇರಿ ಸಲುವಾಗಿ ನಾ ಮನಷ್ಯಾಳ ಅಲ್ಲ ಅನ್ನೂಹಂಗ ಆತು. ಮೊದಲ ಹೆಂಗಿತ್ತೋ ಹಂಗ ಮಾಡ್ರಿ!"

ಆದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೆ ಗೊತ್ತು? ಏನೇನು ಬದಲಿಸಿದ್ದೆನೆಂಬುದೇ ಗುರುಪಾದಪ್ಪನವರಿಗೆ ಅರ್ಧ ಮರೆತಿತ್ತು. ಹಳೆ ಕೇಬಲ್ಲು ಸಿಕ್ಕಿಸಿದರೂ ದನಿ ಜೇನಿನಂತೆ ಇಳಿಯಿತು.

ಕೊನೆಗೆ ಲಿನಕ್ಸ್ ಬಳಸುವವರ ಆನ್‌ಲೈನ್ ಬಳಗಕ್ಕೇ ಬರೆದರು: "ಲೈನ್-ಇನ್‌ನಾಗ ಚಟಪಟ ತರೂದು ಹೆಂಗ್ರಿ?"

ಚಟಪಟ ನಿಲ್ಲಿಸುವುದು ಹೇಗೆಂದು ಅವರು ವರ್ಷಗಟ್ಟಲೆ ಕೇಳಿದಾಗ ತುಟಿ ಬಿಚ್ಚದ ಬಳಗ, ಈ ಸಲ ಕಣ್ಣು ಮಿಟುಕಿಸುವುದರೊಳಗೆ ಉತ್ತರಿಸಿತು:

"ಮನುಷ್ಯರು ಚಟಪಟ ತೊಲಗಿಸೋಕೆ ಒದ್ದಾಡ್ತಾರೆ. ಬೇಕು ಅಂತ ಕೇಳೋದು ಯಂತ್ರಗಳು ಮಾತ್ರ. ನಿಮ್ಮನ್ನ ಬಳಗದಿಂದ ತೆಗೆದಿದ್ದೀವಿ."