ಹೊಗೆ ನಿಂತ ಅಮೇರಿಕಾ ಕಾರು

ಕೌನ್ಸಿಲರ್ ಪಾಪಣ್ಣನ ಹಳೇ ಅಮೇರಿಕಾ ಕಾರು ಅಂದ್ರೆ ಸಾಮಾನ್ಯದ್ದಲ್ಲ. ಮೂತಿ ಬಸ್‌ಸ್ಟ್ಯಾಂಡ್ ಮುಟ್ಟಿದ್ರೂ ಬಾಲ ಇನ್ನೂ ಮನೆ ಗೇಟಲ್ಲೇ ಇರ್ತಿತ್ತು. ದಿನಾ ಸಂಜೆ ಅದ್ರಲ್ಲಿ ವಾರ್ಡೆಲ್ಲಾ ಒಂದು ಸುತ್ತು ಹೊಡೀತಿದ್ದ. ಹಿಂದೆ ಮೋಡದಂಗೆ ಹೊಗೆ. ಎಲೆಕ್ಷನ್ ಬಂತು. ಎದುರು ನಿಂತೋನು ಮೈಕಲ್ಲಿ "ಹೊಗೆ ಪಾಪಣ್ಣ, ಹೊಗೆ ಪಾಪಣ್ಣ" ಅಂತ ಕೂಗ್ಸಿದ್ದೇ ತಡ, ಪಾಪಣ್ಣಂಗೆ ಜೀವ ಬಾಯಿಗೆ ಬಂತು. ಗ್ಯಾರೇಜಿಗೆ ಓಡಿದ.

"ಮಸ್ತಾನಣ್ಣ, ಈ ಹೊಗೆ ನಿಲ್ಸು. ಇಲ್ದಿದ್ರೆ ನನ್ನ ಸೀಟು ಹೋಯ್ತು!"

ಮೆಕ್ಯಾನಿಕ್ ಮಸ್ತಾನ್ ಬಾನೆಟ್ ಎತ್ತಿದ. "ಪಿಸ್ಟನ್ನು, ರಿಂಗು ಎಲ್ಲಾ ಸವ್ದೋಗವೆ ಸಾರ್. ಇಂಜಿನ್ ಹೊಟ್ಟೇಲಿ ತುಂಬಿದ ಹೊಗೆ ಈ ಪೈಪಲ್ಲಿ ಆಚೆ ಬರ್ತೈತೆ. ಹೊಸವು ಹಾಕಿ, ಒಂದು ವಾಲ್ವು ಕೂರ್ಸಿ, ಉಳಿದ ಹೊಗೇನ ವಾಪಸ್ ಇಂಜಿನ್ನಿಗೇ ಕುಡಿಸ್ತೀನಿ. ತನ್ನ ಹೊಗೆ ತಾನೇ ಸುಟ್ಕೊಳ್ಳಲಿ."

"ಏನ್ ಬೇಕಾದ್ರೂ ಹಾಕು ಮಾರಾಯ!"

ಹಾಕಿದ. ಕಾರು ಮದುವೆಗಂಡಿನಂಗೆ ಈಚೆ ಬಂತು. ಹೊಗೆ ಅನ್ನೋದು ಊದಿನಕಡ್ಡಿಯಷ್ಟೂ ಇಲ್ಲ. ಒಂದು ವಾರ ಹಂಗೇ ಹೊಗೆಯಿಲ್ದೆ ವಾರ್ಡೆಲ್ಲಾ ಸುತ್ತಿ, ಆಮೇಲೆ ಪಾಪಣ್ಣ ತಾನೇ ಹಾರ ಹಾಕ್ಕೊಂಡು ಓಟು ಕೇಳೋಕೆ ಹೊರಟ. ಮೋರಿ ಬೀದೀಲಿ ಅವನ ಕಾರು ಕಂಡಿದ್ದೇ ಜನ ದಡದಡ ಬಾಗಿಲು ಹಾಕ್ಕೊಂಡ್ರು. ಸಾಕಮ್ಮಜ್ಜಿ ಒಬ್ಬಳೇ ಜಗಲಿ ಮೇಲೆ ಕೈಕಾಲು ಕೆರ್ಕೊಂಡು ಕೂತಿದ್ಲು.

"ನೋಡಜ್ಜಿ, ಒಂಚೂರಾದ್ರೂ ಹೊಗೆ ಬರ್ತೈತಾ?"

"ಅದ್ಕೇ ಕಣಪ್ಪ ನಿಂಗೆ ಓಟಿಲ್ಲ," ಅಂದ್ಲು ಅಜ್ಜಿ, ತೋಳಿನ ಮೇಲೆ ಫಟ್ ಅಂತ ಹೊಡ್ಕೊಂಡು. "ಈ ಬೀದಿ ಸೊಳ್ಳೆ ಓಡ್ಸ್ತಿದ್ದದ್ದೇ ಆ ಹೊಗೆ. ಐದು ವರ್ಷದಲ್ಲಿ ನೀನು ಮಾಡಿದ್ದು ಅದೊಂದೇ ಕೆಲಸ, ಅದನ್ನೂ ನಿಲ್ಸಿಬಿಟ್ಟೆಯಲ್ಲೋ!"